ಹಾಸಿಗೆ ಹಿಡಿದವರು ‘ದೇವರು ನನ್ನ ಕೈಬಿಟ್ಟನೇ?’ ಎಂದಾಗ: ಭೇಟಿಗೆ ಹೋಗುವವರಿಗೊಂದು ಮಾರ್ಗದರ್ಶಿ

ಕಾಯಿಲೆ ಬಿದ್ದ ಮನೆಗೆ, ಸಾವಾದ ಮನೆಗೆ ಹೋಗಿ ಬರುವುದು ನಮ್ಮ ಉತ್ತರ ಕನ್ನಡ ಕರಾವಳಿಯ ಕ್ರೈಸ್ತರಿಗೆ ಹೊಸದೇನಲ್ಲ. ಕಾರವಾರದಿಂದ ಭಟ್ಕಳದವರೆಗೆ ಇಗರ್ಜಿಯ ವಾರ್ಡಿನವರು, ಸಭೆಯ ಹಿರಿಯರು, ಪ್ರಾರ್ಥನಾ ಕೂಟದ ಹೆಂಗಸರು ಯಾರೂ ಕರೆಯದಿದ್ದರೂ ಹೋಗುತ್ತಾರೆ. ಹೋದ ಮೇಲೆ ಏನು ಮಾಡಬೇಕು ಎಂಬಲ್ಲಿ ತೊಡಕು. ಮಲಗಿದವರು ಗೋಡೆ ಕಡೆ ಮುಖ ತಿರುಗಿಸಿ ‘ನನಗೆ ರಕ್ಷಣೆ ಉಂಟೋ ಇಲ್ಲವೋ, ದೇವರು ನನ್ನನ್ನು ಸೇರಿಸಿಕೊಳ್ತಾನೋ ಇಲ್ಲವೋ ಗೊತ್ತಾಗ್ತಾ ಇಲ್ಲ’ ಅಂದುಬಿಟ್ಟರೆ, ಬಂದವರಲ್ಲಿ ಅರ್ಧ ಜನ ಗಾಬರಿಯಾಗಿ ವಚನಗಳ ಮಳೆ ಸುರಿಸುತ್ತಾರೆ, ಇನ್ನರ್ಧ ಜನ ‘ಹಾಗೆಲ್ಲ ಹೇಳಬಾರದು’ ಎಂದು ಬಾಯಿ ಮುಚ್ಚಿಸುತ್ತಾರೆ. ಎರಡರಿಂದಲೂ ಸಂಶಯ ಹೋಗುವುದಿಲ್ಲ, ಒಳಗೆ ಅವಿತುಕೊಳ್ಳುತ್ತದೆ ಅಷ್ಟೆ.

ಮಾಡಬೇಕಾದ್ದಕ್ಕೆ ಒಂದು ಕ್ರಮವಿದೆ. ಮೊದಲು ಅವರ ಗೋಳಿಗೆ ಜಾಗ, ಆಮೇಲೆ ದೇವರ ವಾಗ್ದಾನ. ಈ ಕ್ರಮ ತಿರುವುಮುರುವಾದರೆ ಒಳ್ಳೆಯ ವಚನವೂ ಚುಚ್ಚುತ್ತದೆ.

ಹೊರಡುವ ಮೊದಲು

ಫೋನ್ ಮಾಡಿ ಹೋಗಿ. ಇಬ್ಬರು ಸಾಕು, ಅವರಲ್ಲಿ ಒಬ್ಬರು ಮನೆಯವರಿಗೆ ಮೊದಲೇ ಪರಿಚಯವಿದ್ದವರಾಗಿರಲಿ. ಹೆಂಗಸು ಮಲಗಿದ್ದರೆ ಜೊತೆಯಲ್ಲಿ ಹೆಂಗಸೊಬ್ಬರು ಇರಲೇಬೇಕು. ಎಂಟು ಹತ್ತು ಜನ ಒಟ್ಟಿಗೆ ನುಗ್ಗಿದರೆ ಮನೆಯಾಕೆ ಚಹಾ ಮಾಡುತ್ತಾ ಅಡುಗೆಮನೆಯಲ್ಲೇ ಉಳಿಯುತ್ತಾಳೆ. ಸಮಾಧಾನ ಬೇಕಾಗಿದ್ದುದು ಎಷ್ಟೋ ಸಲ ಅವಳಿಗೇ.

ಮನೆಯಾದರೆ ಇಪ್ಪತ್ತರಿಂದ ಮೂವತ್ತು ನಿಮಿಷ, ಆಸ್ಪತ್ರೆಯಾದರೆ ಹತ್ತು ನಿಮಿಷ. ಮೀನುಗಾರರ ಮನೆಗೆ ಬೆಳಿಗ್ಗೆ ದೋಣಿ ದಡಕ್ಕೆ ಬಂದು ಹರಾಜು ನಡೆಯುವ ಹೊತ್ತಲ್ಲಿ ಹೋಗಬೇಡಿ, ಸಂಜೆ ಒಳ್ಳೆಯದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಸಮುದ್ರ ಬಂದ್ ಇರುತ್ತದೆ, ಸಂಪಾದನೆ ನಿಂತು ಸಾಲ ಬೆಳೆಯುವ ದಿನಗಳವು. ಆ ಎರಡು ತಿಂಗಳು ಸೇಬು, ಬಿಸ್ಕತ್ತಿನ ಬದಲು ಅಕ್ಕಿ ಒಯ್ಯಿರಿ. ದೊಡ್ಡ ಕಾಯಿಲೆಗೆ ಕಾರವಾರದವರು ಗೋವಾದ ಬಾಂಬೋಳಿ ಆಸ್ಪತ್ರೆಗೆ, ಹೊನ್ನಾವರ ಭಟ್ಕಳದವರು ಮಣಿಪಾಲಕ್ಕೆ, ಶಿರಸಿ ಯಲ್ಲಾಪುರದವರು ಹುಬ್ಬಳ್ಳಿಗೆ ಓಡುವ ಜಿಲ್ಲೆ ನಮ್ಮದು. ಹೋಗಿಬರುವ ಖರ್ಚೇ ಮನೆ ಅಲ್ಲಾಡಿಸುತ್ತದೆ. ಲಕೋಟೆಯಲ್ಲಿ ಏನಾದರೂ ಇಟ್ಟು, ಯಾರಿಗೂ ಕಾಣದಂತೆ ದಿಂಬಿನ ಪಕ್ಕ ಇಟ್ಟು ಬನ್ನಿ. ಎಲ್ಲರೆದುರು ಕೈಗೆ ಕೊಟ್ಟು ಫೋಟೊ ತೆಗೆಯುವ ಚಾಳಿ ಇತ್ತೀಚೆಗೆ ಶುರುವಾಗಿದೆ, ಅದು ಬೇಡ.

ಯಾವ ಭಾಷೆಯಲ್ಲಿ ಓದುವುದೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಅಂಗಡಿ, ಕಚೇರಿಯಲ್ಲಿ ಕನ್ನಡ ಮಾತಾಡುವವರಲ್ಲಿ ಬಹಳ ಜನ ಪ್ರಾರ್ಥನೆ ಕಲಿತದ್ದು ಕೊಂಕಣಿಯಲ್ಲಿ. ಜ್ವರದ ತಲೆಗೆ ಹೊಸ ಭಾಷೆಯ ಪ್ರಾರ್ಥನೆ ಹಿಡಿಯುವುದಿಲ್ಲ. ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದನ್ನು ನೀವು ಶುರುಮಾಡಿದರೆ ತುಟಿ ತಾನಾಗಿ ಅಲ್ಲಾಡುತ್ತದೆ.

ಮೊದಲ ಕೆಲವು ನಿಮಿಷ

ಬೈಬಲ್ ತೆರೆಯಬೇಡಿ. ‘ಊಟ ಆಯ್ತಾ? ರಾತ್ರಿ ನಿದ್ದೆ ಬಂತಾ?’ ಇವೆರಡೇ ಕೇಳಿ. ಇದು ಉಪಚಾರದ ಮಾತಲ್ಲ. ಸಾಯಬೇಕೆಂದು ಮರದಡಿ ಮಲಗಿದ ಎಲೀಯನಿಗೆ ದೇವದೂತ ಮೊದಲು ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ, ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ತಿನ್ನಿಸಿದ (1 ಅರಸುಗಳು 19). ಪೌಲನಿದ್ದ ಹಡಗು ಬಿರುಗಾಳಿಗೆ ಸಿಕ್ಕಿ ಹದಿನಾಲ್ಕನೆಯ ದಿನ ಮುಟ್ಟಿದಾಗ 276 ಮಂದಿಗೆ ಅವನು ಹೇಳಿದ್ದೂ ಅದನ್ನೇ: ಏನಾದರೂ ತಿನ್ನಿ (ಅಪೊಸ್ತಲರ ಕೃತ್ಯಗಳು 27). ಎರಡು ದಿನ ಗಂಜಿ ಇಳಿಯದ, ಮೂರು ರಾತ್ರಿ ಕಣ್ಣು ಮುಚ್ಚದ ಮನುಷ್ಯನಿಗೆ ದೇವರು ದೂರ ಅನಿಸುವುದರಲ್ಲಿ ದೇಹದ ಪಾಲು ದೊಡ್ಡದು.

ಆಮೇಲೆ ಸುಮ್ಮನೆ ಕುಳಿತುಕೊಳ್ಳಿ. ಯೋಬನ ಸ್ನೇಹಿತರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕುಳಿತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಹೇಳಿದ್ದೆಲ್ಲ ತಪ್ಪೆಂದು ಕೊನೆಯ ಅಧ್ಯಾಯದಲ್ಲಿ ದೇವರೇ ಹೇಳುತ್ತಾನೆ. ದೇವರ ಮೇಲೆ ರೇಗಾಡಿದ ಯೋಬನ ಮಾತೇ ಸರಿಯಿತ್ತು ಎನ್ನುತ್ತಾನೆ. ಆದ್ದರಿಂದ ಮಲಗಿದವರು ದೇವರನ್ನು ಬೈದರೆ ನೀವು ದೇವರ ಪರ ವಕಾಲತ್ತು ವಹಿಸಬೇಕಾಗಿಲ್ಲ.

ಸಂಶಯ ಯಾವ ಬಗೆಯದು?

ಕೆಲಸವೆಲ್ಲ ನಿಂತಿರುವುದು ಇಲ್ಲಿ. ‘ರಕ್ಷಣೆಯ ನಿಶ್ಚಯ ಇಲ್ಲ’ ಎಂಬ ಒಂದೇ ಮಾತಿನ ಹಿಂದೆ ನಾಲ್ಕೈದು ಬೇರೆ ಬೇರೆ ಸಂಕಟಗಳಿರುತ್ತವೆ. ಒಂದಕ್ಕೆ ಕೊಡುವ ಉತ್ತರ ಇನ್ನೊಂದಕ್ಕೆ ಹೊಂದುವುದಿಲ್ಲ. ‘ಯಾಕೆ ಹಾಗನ್ನಿಸ್ತದೆ ಅಕ್ಕಾ?’ ಎಂದು ಕೇಳಿ ಕಾಯಿರಿ.

‘ನಾನು ಮಾಡಿದ ಪಾಪಕ್ಕೇ ಈ ಕಾಯಿಲೆ’ ಎನ್ನುವವರು ಹೆಚ್ಚು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದಾಗ ಸತ್ತವರು ಆ ಹೊತ್ತಿಗೆ ಅಲ್ಲಿದ್ದವರು, ಬೇರೆಯವರಿಗಿಂತ ಕೆಟ್ಟವರಲ್ಲ. ಯೇಸುವಿನ ಕಾಲದಲ್ಲೂ ಸಿಲೋವಾಮಿನ ಗೋಪುರ ಬಿದ್ದು ಹದಿನೆಂಟು ಜನ ಸತ್ತರು. ಅವರು ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚಿನ ಅಪರಾಧಿಗಳೋ ಎಂದು ತಾನೇ ಕೇಳಿ, ಅಲ್ಲ ಎಂದು ಯೇಸು ಖಂಡಿತವಾಗಿ ಹೇಳಿದ (ಲೂಕ 13). ಹುಟ್ಟುಕುರುಡನ ವಿಷಯದಲ್ಲೂ ಇವನ ಪಾಪವೋ ತಂದೆತಾಯಿಯರ ಪಾಪವೋ ಎಂದು ಶಿಷ್ಯರು ಕೇಳಿದಾಗ ಎರಡೂ ಅಲ್ಲ ಎಂದ (ಯೋಹಾನ 9). ಈ ಎರಡು ಭಾಗಗಳನ್ನು ಮೊದಲು ಓದಿ, ಆಮೇಲೆ ರೋಮನ್ನರಿಗೆ ಬರೆದ ಪತ್ರದ 8ನೇ ಅಧ್ಯಾಯದ ಮೊದಲ ವಚನ: ಕ್ರಿಸ್ತನಲ್ಲಿರುವವರಿಗೆ ಈಗ ಅಪರಾಧನಿರ್ಣಯ ಇಲ್ಲ.

ಕೆಲವರ ಅಪರಾಧಿಭಾವಕ್ಕೆ ನಿಜವಾದ ಕಾರಣ ಇರುತ್ತದೆ. ತಮ್ಮನ ಪಾಲಿನ ಜಾಗ ಬರೆಸಿಕೊಂಡದ್ದು, ಹೆಂಡತಿಗೆ ಹೊಡೆದದ್ದು. ಅದನ್ನು ‘ಬಿಡಿ, ಎಲ್ಲರೂ ಪಾಪಿಗಳೇ’ ಎಂದು ತೇಲಿಸಬೇಡಿ. ಹೆಸರಿಟ್ಟು ಹೇಳಲಿ. 1 ಯೋಹಾನ 1:9 ಓದಿ, ತಮ್ಮನನ್ನು ಕರೆಸಲು ಸಾಧ್ಯವೇ ಎಂದು ವಿಚಾರಿಸಿ. ಕಥೋಲಿಕರಾದರೆ ಪಾಪನಿವೇದನೆಗೆ ಫಾದರ್ ಅವರನ್ನು ಕರೆಸಿ. ಕೇಳಿದ ಗುಟ್ಟು ನಿಮ್ಮಲ್ಲೇ ಇರಬೇಕು. ವಾರ್ಡಿನ ಪ್ರಾರ್ಥನೆಯಲ್ಲಿ ‘ಅವರ ಕುಟುಂಬದ ಆಸ್ತಿ ವಿಷಯಕ್ಕಾಗಿ’ ಎಂದು ಸೇರಿಸಿದರೆ ಮುಂದೆ ಯಾರೂ ನಿಮ್ಮೆದುರು ಬಾಯಿ ಬಿಡುವುದಿಲ್ಲ.

ನಮ್ಮ ಕಡೆಯ ಇನ್ನೊಂದು ಮಾತು, ತೀರಿಸದ ಹರಕೆ. ‘ಚಂದಾವರದ ಇಗರ್ಜಿಗೆ ಹೇಳಿಕೊಂಡಿದ್ದೆ, ಡಿಸೆಂಬರ್ 3ರ ಫೆಸ್ತಿಗೆ (ಹಬ್ಬಕ್ಕೆ) ಹೋಗಲಿಕ್ಕೆ ಆಗಲಿಲ್ಲ, ಅದಕ್ಕೇ ಹೀಗಾಯ್ತು.’ ಇದಕ್ಕೆ ವಾದ ಬೇಡ, ದಾರಿ ಇದೆ. ಖಾಸಗಿ ಹರಕೆಯನ್ನು ನ್ಯಾಯವಾದ ಕಾರಣವಿದ್ದಾಗ ಬಿಡಿಸುವ ಅಧಿಕಾರ ಕಥೋಲಿಕ ಚರ್ಚಿನ ಕಾನೂನಿನ ಪ್ರಕಾರ ಧರ್ಮಕೇಂದ್ರದ ಗುರುಗಳಿಗಿದೆ. ಒಂದು ಫೋನಿನಲ್ಲಿ ಮುಗಿಯುವ ವಿಷಯ. ಅದನ್ನು ತಿಳಿಯದೆ ವರ್ಷಗಟ್ಟಲೆ ಕೊರಗುವವರಿದ್ದಾರೆ.

‘ನನ್ನ ನಂಬಿಕೆ ಸಾಲದು’ ಎನ್ನುವವರು ಎರಡನೆಯ ಬಗೆ. ಇವರ ಕಣ್ಣು ತಮ್ಮೊಳಗೇ ಇರುತ್ತದೆ, ನಿನ್ನೆ ಎಷ್ಟು ನಂಬಿಕೆ ಇತ್ತು, ಇವತ್ತು ಎಷ್ಟು ಉಳಿದಿದೆ ಎಂದು ಅಳೆಯುತ್ತಲೇ ಇರುತ್ತಾರೆ. ‘ಇನ್ನೂ ಗಟ್ಟಿಯಾಗಿ ನಂಬಿ’ ಎಂದರೆ ಅಳತೆಗೋಲು ಇನ್ನೊಂದು ಕೊಟ್ಟಂತಾಯಿತು. ಮಾರ್ಕನ 9ನೇ ಅಧ್ಯಾಯದ ತಂದೆಯನ್ನು ತೋರಿಸಿ. ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಎಂದವನು. ಅಷ್ಟಕ್ಕೇ ಅವನ ಮಗ ಗುಣವಾದ. ಆಮೇಲೆ ಯೋಹಾನ 10:28-29. ಅಲ್ಲಿ ಕುರಿ ಕುರುಬನನ್ನು ಹಿಡಿದುಕೊಂಡಿಲ್ಲ, ಮಗನ ಕೈ ಒಂದು, ತಂದೆಯ ಕೈ ಇನ್ನೊಂದು ಅದನ್ನು ಹಿಡಿದಿವೆ. ನಿಶ್ಚಯ ನಿಂತಿರುವುದು ಹಿಡಿದವನ ಬಲದ ಮೇಲೆ. ಇದನ್ನು ಒಂದು ಭೇಟಿಯಲ್ಲಿ ಒಂದೇ ಸಲ ಹೇಳಿ, ಆದರೆ ಸ್ಪಷ್ಟವಾಗಿ ಹೇಳಿ.

‘ಏನೂ ಅನ್ನಿಸುವುದೇ ಇಲ್ಲ, ಪ್ರಾರ್ಥನೆ ಬಾಯಿಗೆ ಬರುವುದಿಲ್ಲ’ ಎನ್ನುವವರಿಗೆ ಸಂತೋಷದ ಕೀರ್ತನೆ ಓದಬೇಡಿ. 88ನೇ ಕೀರ್ತನೆ ಓದಿ, ಹದಿನೆಂಟೇ ವಚನ. ಕೀರ್ತನೆಗಳಲ್ಲಿ ಗೋಳು ಹೆಚ್ಚಾಗಿ ಕೊನೆಗೆ ಬೆಳಕಿನ ಕಡೆ ತಿರುಗುತ್ತದೆ. ಇದು ತಿರುಗುವುದಿಲ್ಲ, ಕತ್ತಲಲ್ಲೇ ನಿಲ್ಲುತ್ತದೆ. ಹಾಗಿದ್ದೂ ಅದು ಪ್ರಾರ್ಥನೆ, ಸತ್ಯವೇದದೊಳಗೇ ಇದೆ. ನಾಲ್ವರು ಹೊತ್ತುತಂದ ಪಾರ್ಶ್ವವಾಯು ರೋಗಿಯ ಕಥೆಯನ್ನೂ ಹೇಳಬಹುದು (ಮಾರ್ಕ 2). ಯೇಸು ನೋಡಿದ್ದು ‘ಅವರ ನಂಬಿಕೆ’ಯನ್ನು, ಹೊತ್ತವರದ್ದನ್ನೂ ಸೇರಿಸಿ. ‘ಸದ್ಯಕ್ಕೆ ನಿಮ್ಮ ಬದಲು ನಾವು ಪ್ರಾರ್ಥನೆ ಮಾಡ್ತೇವೆ, ನೀವು ಮಲಗಿ’ ಎಂದು ಹೇಳಲು ಇದು ಆಧಾರ.

‘ಕ್ಷಮೆಯಿಲ್ಲದ ಪಾಪ ಮಾಡಿದ್ದೇನೆ’ ಎಂಬ ಭಯ ಅಪರೂಪ, ಆದರೆ ಬಂದರೆ ಬಿಡುವುದಿಲ್ಲ. ಮತ್ತಾಯ 12ರಲ್ಲಿ ಆ ಮಾತು ಬಂದದ್ದು ಕಣ್ಣೆದುರು ನಡೆದ ದೇವರ ಕೆಲಸವನ್ನು ಬೇಕೆಂದೇ ಸೈತಾನನದ್ದು ಎಂದವರಿಗೆ. ಅವರಿಗೆ ಭಯವೂ ಇರಲಿಲ್ಲ, ಕ್ಷಮೆಯೂ ಬೇಕಿರಲಿಲ್ಲ. ಹೆದರಿ ಅಳುತ್ತಿರುವವರು ಆ ಗುಂಪಿಗೆ ಸೇರಿದವರಲ್ಲ. ಬಿದ್ದುಹೋದವರನ್ನು ಮತ್ತೆ ತಿರುಗಿಸುವುದು ಅಸಾಧ್ಯ ಎನ್ನುವ ಇಬ್ರಿಯರಿಗೆ 6:4-6 ಓದಿ ನಡುಗುವವರನ್ನು ಅಲ್ಲೇ ನಿಲ್ಲಲು ಬಿಡಬೇಡಿ, 9ನೇ ವಚನದವರೆಗೆ, ಸಾಧ್ಯವಾದರೆ ಅಧ್ಯಾಯದ ಕೊನೆಯವರೆಗೆ ಕರೆದುಕೊಂಡು ಹೋಗಿ. ಅದೇ ಅಧ್ಯಾಯದ 19ನೇ ವಚನದಲ್ಲಿ ಈ ನಿರೀಕ್ಷೆ ಪ್ರಾಣದ ಲಂಗರು ಎಂದಿದೆ. ದೋಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಂಗರು ಹಾಕಿದ ದೋಣಿಯೂ ತೆರೆಗೆ ಕುಣಿಯುತ್ತದೆ, ಕಚ್ಚಿದ್ದು ಕಾಣುವುದೂ ಇಲ್ಲ, ಆದರೆ ಬಂಡೆಗೆ ಹೋಗಿ ಬಡಿಯುವುದಿಲ್ಲ.

ಒಂದು ಎಚ್ಚರಿಕೆ. ನಿಜವಾದ ನಂಬಿಕೆಯ ಗುರುತುಗಳೆಂದು ಯೋಹಾನನ ಮೊದಲ ಪತ್ರ ಮೂರನ್ನು ಹೇಳುತ್ತದೆ: ಕ್ರಿಸ್ತನ ಮೇಲೆ ನಂಬಿಕೆ, ಆಜ್ಞೆಗಳ ಪ್ರಕಾರ ನಡೆ, ಸಹೋದರರ ಮೇಲೆ ಪ್ರೀತಿ. ಆರೋಗ್ಯವಾಗಿದ್ದಾಗ ತಮ್ಮನ್ನು ಪರೀಕ್ಷಿಸಿಕೊಳ್ಳಲು ಇವು ಒಳ್ಳೆಯವು. ಜ್ವರದಲ್ಲಿ, ಕಿಮೋಥೆರಪಿಯ ಮರುದಿನ, ಮಗ ತೀರಿದ ವಾರ ಈ ಪರೀಕ್ಷೆ ಮಾಡಿಸಬಾರದು. ಆಗ ಎಲ್ಲರೂ ನಪಾಸಾಗುತ್ತಾರೆ. ನಮ್ಮ ಹೃದಯವೇ ನಮ್ಮನ್ನು ದೋಷಿಯೆಂದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು ಎಂದು ಅದೇ ಪತ್ರದ 3:20 ಹೇಳುವುದು ಅಂಥ ದಿನಗಳಿಗೆ.

ಓದುವುದು ಎಷ್ಟು, ಹೇಗೆ

ಸಾಮಾನ್ಯವಾಗಿ ಒಂದು ಭೇಟಿಗೆ ಒಂದೇ ಭಾಗ, ಹತ್ತು ವಚನ ಮೀರದಿದ್ದರೆ ಒಳ್ಳೆಯದು. ಶುರುವಿಗೆ 13ನೇ ಕೀರ್ತನೆಯಷ್ಟು ಅನುಕೂಲದ್ದು ಬೇರೆಯಿಲ್ಲ. ಆರು ವಚನ. ಮೊದಲ ಎರಡರಲ್ಲಿ ‘ಎಷ್ಟರವರೆಗೆ’ ಎಂದು ನಾಲ್ಕು ಸಲ ಕೇಳುತ್ತಾನೆ, ನಡುವಿನ ಎರಡರಲ್ಲಿ ಬೇಡಿಕೊಳ್ಳುತ್ತಾನೆ, ಕೊನೆಯ ಎರಡರಲ್ಲಿ ಭರವಸೆ. ಮೊದಲ ಎರಡು ವಚನ ಓದಿ ನಿಲ್ಲಿಸಿ, ಅವರ ‘ಎಷ್ಟರವರೆಗೆ’ ಏನೆಂದು ಕೇಳಿ. ಕೆಲವರಿಗೆ ಆ ದಿನ ಅಲ್ಲಿಗೇ ಸಾಕು. ಐದನೇ ವಚನಕ್ಕೆ ಎಳೆದುಕೊಂಡು ಹೋಗುವ ಆತುರ ಬೇಡ, ಮುಂದಿನ ವಾರಕ್ಕೂ ಅದು ಅಲ್ಲೇ ಇರುತ್ತದೆ.

ಎರಡನೇ ಮೂರನೇ ಭೇಟಿಗೆ ರೋಮನ್ನರಿಗೆ 8:31-39. ಕೊನೆಯ ಎರಡು ವಚನದಲ್ಲಿ ಮರಣ, ಜೀವ, ಈಗಿನ ಸಂಗತಿ, ಮುಂದಿನ ಸಂಗತಿ, ಎತ್ತರ, ಆಳ ಎಂದು ಪಟ್ಟಿ ಮಾಡಿ, ‘ಬೇರೆ ಯಾವ ಸೃಷ್ಟಿಯೂ’ ದೇವರ ಪ್ರೀತಿಯಿಂದ ಅಗಲಿಸಲಾರದು ಎಂದು ಮುಗಿಸುತ್ತಾನೆ. ಆ ‘ಬೇರೆ ಯಾವ’ ಎಂಬಲ್ಲಿ ಜಾಗ ಖಾಲಿ ಇದೆ. ಮಲಗಿದವರೇ ಅಲ್ಲಿ ತಮ್ಮ ಹೆದರಿಕೆಯ ಹೆಸರು ಹಾಕಲಿ: ಡಯಾಲಿಸಿಸ್, ಸೊಸೈಟಿಯ ಸಾಲ, ಮಗಳ ಮದುವೆ ನಿಂತುಹೋದದ್ದು. ಅದನ್ನು ಸೇರಿಸಿ ವಚನವನ್ನು ಅವರ ಬಾಯಿಂದಲೇ ಒಮ್ಮೆ ಓದಿಸಿ. ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಮಲಗಿದಲ್ಲಿಂದ ಕಾಣುವ ಕಡೆ ಅಂಟಿಸಿ. ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಕನ್ನಡಕ ಹುಡುಕಿ ಬೈಬಲ್ ತೆರೆಯುವವರು ಕಡಿಮೆ.

ಪ್ರಾರ್ಥನೆ ಎರಡು ನಿಮಿಷ. ಅವರು ಹೇಳಿದ್ದನ್ನೇ ದೇವರಿಗೆ ಹೇಳಿ, ಹೊಸ ಪ್ರಸಂಗ ಬೇಡ. ಆಸ್ಪತ್ರೆಯ ವಾರ್ಡಿನಲ್ಲಿ ದನಿ ಪಕ್ಕದ ಮಂಚಕ್ಕೆ ಕೇಳಬಾರದು. ಅಲ್ಲಿರುವವರು ಬೇರೆ ಧರ್ಮದವರು, ಅವರಾಗಿ ಕೇಳದೆ ಅವರ ಮೇಲೆ ಕೈಯಿಟ್ಟು ಪ್ರಾರ್ಥಿಸುವುದು, ಕರಪತ್ರ ಹಂಚುವುದು ಮಾಡಬೇಡಿ. ನರಳುತ್ತಿರುವವರ ಅಸಹಾಯಕತೆಯನ್ನು ಬಳಸಿಕೊಂಡಂತಾಗುತ್ತದೆ.

ಬಾಯಿಗೆ ಬರಬಾರದ ಮಾತುಗಳು

‘ಎಲ್ಲಾ ಒಳ್ಳೆಯದಕ್ಕೇ.’ ರೋಮನ್ನರಿಗೆ 8:28ನ್ನು ಹೀಗೆ ಕತ್ತರಿಸಿ ಹೇಳುತ್ತಾರೆ. ಆ ಒಳ್ಳೆಯದು ಯಾವುದೆಂದು ಮುಂದಿನ ವಚನವೇ ಹೇಳುತ್ತದೆ: ದೇವರ ಮಗನ ಸಾರೂಪ್ಯಕ್ಕೆ ಬರುವುದು. ಕಾಯಿಲೆ ಹೋಗಿ ಕೆಲಸ ಸಿಗುವುದು ಅಂತಲ್ಲ. ಸಾವಾದ ಮೊದಲ ವಾರದಲ್ಲಂತೂ ಈ ವಚನದ ಸುದ್ದಿಗೇ ಹೋಗಬೇಡಿ.

‘ಹೊರಲಾರದ ಭಾರ ದೇವರು ಕೊಡುವುದಿಲ್ಲ.’ 1 ಕೊರಿಂಥ 10:13 ಮಾತಾಡುವುದು ಪಾಪದ ಶೋಧನೆಯ ಬಗ್ಗೆ. ಕಷ್ಟದ ಬಗ್ಗೆ ಪೌಲ ಬರೆದದ್ದು ಇದಕ್ಕೆ ತದ್ವಿರುದ್ಧ. ಶಕ್ತಿಗೆ ಮೀರಿದ ಭಾರ ಬಿದ್ದು ಜೀವದ ಆಸೆಯನ್ನೇ ಬಿಟ್ಟಿದ್ದೆವು ಎನ್ನುತ್ತಾನೆ (2 ಕೊರಿಂಥ 1:8).

‘ನಂಬಿಕೆಯಿದ್ದರೆ ಗುಣ ಆಗ್ತದೆ, ಮಾತ್ರೆ ಬಿಡಿ.’ ಇದು ಜೀವ ತೆಗೆಯುವ ಮಾತು. ಶರೀರದ ಮುಳ್ಳು ಎಂದು ತಾನು ಕರೆದ ಬಾಧೆ ಹೋಗಲೆಂದು ಪೌಲ ಮೂರು ಸಲ ಬೇಡಿದ, ಅದು ಹೋಗಲಿಲ್ಲ, ಕೃಪೆ ಸಾಕೆಂಬ ಉತ್ತರ ಬಂತು. ತಿಮೊಥೆಗೆ ಪದೇ ಪದೇ ಕಾಯಿಲೆ ಬರುತ್ತಿತ್ತು, ಹೊಟ್ಟೆಗೆಂದು ಸ್ವಲ್ಪ ದ್ರಾಕ್ಷಾರಸ ತೆಗೆದುಕೊಳ್ಳಲು ಪೌಲ ಹೇಳಿದ. ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಬಂದ. ಇವರಲ್ಲಿ ಯಾರ ನಂಬಿಕೆ ಕಡಿಮೆಯಿತ್ತು? ಮಾತ್ರೆ ಬಿಡಿಸಿದವರು ಯಾರಾದರೂ ಮನೆಗೆ ಬಂದು ಹೋಗಿದ್ದರೆ ಅದೇ ದಿನ ಮನೆಯವರಿಗೆ ಹೇಳಿ, ವೈದ್ಯರಿಗೆ ಫೋನ್ ಮಾಡಿಸಿ.

ಕಥೋಲಿಕರ ಮನೆ, ಪ್ರೊಟೆಸ್ಟೆಂಟರ ಮನೆ

ರಕ್ಷಣೆಯ ನಿಶ್ಚಯದ ಬಗ್ಗೆ ಇಬ್ಬರ ಬೋಧನೆ ಒಂದೇ ಅಲ್ಲ, ಒಂದೇ ಎಂದು ನಟಿಸುವುದೂ ಬೇಡ. ದೇವರ ವಿಶೇಷ ಪ್ರಕಟನೆಯಿಲ್ಲದೆ ಕೊನೆಯವರೆಗೆ ನಿಲ್ಲುವೆನೆಂದು ಯಾರೂ ಪೂರ್ಣ ಖಚಿತತೆಯಿಂದ ಹೇಳಿಕೊಳ್ಳಲಾರರು, ಆದರೆ ದೇವರ ಸಹಾಯದಲ್ಲಿ ಎಲ್ಲರೂ ದೃಢವಾದ ನಿರೀಕ್ಷೆ ಇಡಬೇಕು ಎಂದು 1547ರಲ್ಲಿ ಕಥೋಲಿಕ ಚರ್ಚಿನ ಟ್ರೆಂಟ್ ಮಹಾಸಭೆ ಹೇಳಿತು. ನಂಬಿದವನಿಗೆ ಈ ಬದುಕಿನಲ್ಲೇ ನಿಶ್ಚಯ ಸಿಗಬಹುದು ಎಂದು ಪ್ರೊಟೆಸ್ಟೆಂಟರು ಹೇಳುತ್ತಾರೆ. ಆದರೆ ಅವರದ್ದೇ ಆದ 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣದ 18ನೇ ಅಧ್ಯಾಯ ಕೂಡ ನಿಜವಾದ ವಿಶ್ವಾಸಿ ಆ ನಿಶ್ಚಯಕ್ಕಾಗಿ ಬಹುಕಾಲ ಕಾಯಬೇಕಾದೀತು, ಸಿಕ್ಕದ್ದು ಅಲುಗಾಡಲೂಬಹುದು ಎಂದು ಒಪ್ಪುತ್ತದೆ. ನಿಶ್ಚಯದ ಅನುಭವ ಮಂಕಾದರೆ ರಕ್ಷಣೆಯೇ ಹೋಯಿತು ಎಂದು ಇಬ್ಬರೂ ಹೇಳುವುದಿಲ್ಲ. ಮಂಚದ ಪಕ್ಕದಲ್ಲಿ ಬೇಕಾದ್ದು ಅಷ್ಟು ಮಾತ್ರ, ಉಳಿದ ಚರ್ಚೆ ಹೊರಗೆ ಬಂದ ಮೇಲೆ ಮಾಡಿಕೊಳ್ಳಿ.

ಕಥೋಲಿಕರ ಮನೆಯಲ್ಲಿ ಆಗಾಗ ಆಗುವ ಎಡವಟ್ಟೆಂದರೆ ರೋಗಿಗಳಿಗೆ ತೈಲ ಹಚ್ಚುವ ಸಂಸ್ಕಾರವನ್ನು ಕೊನೆಯ ಉಸಿರಿನವರೆಗೆ ಮುಂದೂಡುವುದು. ‘ಪಾದ್ರಿ ಬಂದರೆ ಅಪ್ಪ ಹೆದರುತ್ತಾರೆ’ ಎನ್ನುತ್ತಾರೆ ಮಕ್ಕಳು. ಇದು ಸಾಯುವ ಗಳಿಗೆಯವರಿಗೆ ಮಾತ್ರ ಮೀಸಲಲ್ಲ ಎಂದು 1963ರಲ್ಲೇ ಎರಡನೇ ವ್ಯಾಟಿಕನ್ ಸಭೆ ಸ್ಪಷ್ಟಪಡಿಸಿದೆ. ದೊಡ್ಡ ಶಸ್ತ್ರಚಿಕಿತ್ಸೆಗೆ ಬಾಂಬೋಳಿಗೋ ಮಣಿಪಾಲಕ್ಕೋ ಹೊರಡುವ ಹಿಂದಿನ ದಿನ ಕರೆಸಿ. ರೋಗಿಗೆ ಪ್ರಜ್ಞೆ ಇರುವಾಗ ಪಾಪನಿವೇದನೆ, ಪರಮಪ್ರಸಾದ ಎಲ್ಲವೂ ಸಾಧ್ಯ. ಪ್ರೊಟೆಸ್ಟೆಂಟರ ಮನೆಯಲ್ಲಿ ಅಯ್ಯನವರನ್ನು (ಸಭೆಯ ಪಾಸ್ಟರನ್ನು) ಕರೆಸಿ ಮನೆಯಲ್ಲೇ ಕರ್ತನ ಭೋಜನ ಕೊಡಿಸಬಹುದು. ತಿಂಗಳುಗಟ್ಟಲೆ ಆರಾಧನೆಗೆ ಹೋಗದವರು ತಾವು ಸಭೆಯಿಂದಲೇ ಕಳಚಿಹೋದೆವೆಂದು ತಿಳಿದಿರುತ್ತಾರೆ.

ಸಮುದ್ರದಿಂದ ದೇಹ ಸಿಗದಿದ್ದರೆ

ಕರಾವಳಿಯಲ್ಲಿ ಇದನ್ನು ಬೇರೆಯಾಗಿಯೇ ಹೇಳಬೇಕು. ದೋಣಿ ಮಗುಚಿ ದೇಹ ಸಿಗದ ಮನೆಯಲ್ಲಿ ‘ಮಣ್ಣು ಕೊಡಲಿಲ್ಲ, ಅವನ ಗತಿ ಏನು’ ಎಂಬ ಪ್ರಶ್ನೆ ತಾಯಿಯನ್ನು ತಿನ್ನುತ್ತದೆ. ಕ್ರೈಸ್ತ ನಿರೀಕ್ಷೆ ಸಮಾಧಿಯ ಮೇಲೆ ನಿಂತದ್ದಲ್ಲ, ಕ್ರಿಸ್ತನ ಪುನರುತ್ಥಾನದ ಮೇಲೆ ನಿಂತದ್ದು. ಅದಿಲ್ಲದಿದ್ದರೆ ನಂಬಿಕೆಯೇ ವ್ಯರ್ಥ ಎಂದು ಪೌಲ ಬರೆಯುತ್ತಾನೆ (1 ಕೊರಿಂಥ 15). ಸಮುದ್ರ ತನ್ನೊಳಗಿದ್ದ ಸತ್ತವರನ್ನು ಒಪ್ಪಿಸಿತು ಎಂದು ಪ್ರಕಟನೆ 20:13 ಹೇಳುತ್ತದೆ. ಅದು ನ್ಯಾಯತೀರ್ಪಿನ ಭಾಗ, ಆದ್ದರಿಂದ ಅಧ್ಯಾಯವೆಲ್ಲ ಓದಬೇಡಿ. ನೀರಿಗೆ ಬಿದ್ದವನು ದೇವರ ಕಣ್ಣು ತಪ್ಪಿಲ್ಲ ಎಂಬಷ್ಟನ್ನು ತೋರಿಸಿ. ದೇಹವಿಲ್ಲದಿದ್ದರೂ ಅವನಿಗಾಗಿ ಬಲಿಪೂಜೆ ಅರ್ಪಿಸಬಹುದು, ಸ್ಮರಣೆಯ ಆರಾಧನೆ ನಡೆಸಬಹುದು. ಆದರೆ ಹುಡುಕಾಟ ನಡೆಯುತ್ತಿರುವಾಗ ಅದನ್ನು ನೀವಾಗಿ ಎತ್ತಬೇಡಿ. ಮನೆಯವರು ಕೇಳುವ ದಿನ ಬರುತ್ತದೆ.

ವೈದ್ಯರನ್ನು ಕರೆಯಬೇಕಾದಾಗ

ಎರಡು ವಾರ ದಾಟಿದರೂ ನಿದ್ದೆಯಿಲ್ಲ, ಊಟವಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎಂದರೆ ಅದು ಖಿನ್ನತೆಯ ಕಾಯಿಲೆ ಇರಬಹುದು, ವಿಶ್ವಾಸದ ಕೊರತೆ ಎಂದು ಹೆಸರಿಡಬೇಡಿ. ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ‘ಬದುಕಿರುವುದು ಬೇಡ’ ಎಂಬ ಮಾತು ಬಂದರೆ ‘ಸಾಯುವ ಯೋಚನೆ ಬರ್ತಾ ಉಂಟಾ?’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರನ್ನೇ ಬಿಟ್ಟು ಬರಬೇಡಿ, ಮಾತ್ರೆ, ತೋಟಕ್ಕೆ ಹೊಡೆಯುವ ಕೀಟನಾಶಕ ಕೈಗೆ ಸಿಗದಂತೆ ಎತ್ತಿಡಿಸಿ, ಅಲ್ಲಿಂದಲೇ 14416ಕ್ಕೆ ಕರೆ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು, ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಮತ್ತೆ ಹೋಗುವುದು

ಏಳನೇ ದಿನದ ಬಲಿಪೂಜೆಗೆ, ತಿಂಗಳ ಬಲಿಪೂಜೆಗೆ ಮನೆ ತುಂಬ ಜನ. ಆಮೇಲೆ ಯಾರೂ ಇಲ್ಲ. ಸಂಶಯ ತಲೆಯೆತ್ತುವುದು ಆಗ. ಕ್ಯಾಲೆಂಡರಿನಲ್ಲಿ ನಲವತ್ತನೇ ದಿನ, ಮೂರನೇ ತಿಂಗಳು, ಮೊದಲ ಕ್ರಿಸ್ಮಸ್, ವರ್ಷಾಂತ ಇವಕ್ಕೆ ಗುರುತು ಹಾಕಿಟ್ಟುಕೊಳ್ಳಿ. ದೀರ್ಘ ಕಾಯಿಲೆಯಾದರೆ ವಾರಕ್ಕೊಂದು ಫೋನ್, ಹದಿನೈದು ದಿನಕ್ಕೊಂದು ಭೇಟಿ, ಅದೇ ಇಬ್ಬರು. ವಾಟ್ಸಾಪಿನಲ್ಲಿ ದಿನಕ್ಕೆ ಹತ್ತು ಹೂವಿನ ಚಿತ್ರದ ವಚನ ಕಳಿಸುವುದನ್ನು ಭೇಟಿಯೆಂದು ಎಣಿಸಬೇಡಿ. ಹೋದಾಗಲೆಲ್ಲ ಹಿಂದಿನ ಸಲ ಎಲ್ಲಿಗೆ ನಿಲ್ಲಿಸಿದ್ದಿರೋ ಅಲ್ಲಿಂದ ಶುರುಮಾಡಲು ಒಂದು ಸಣ್ಣ ಪುಸ್ತಕದಲ್ಲಿ ಓದಿದ ಭಾಗ, ಅವರು ಕೇಳಿದ ಪ್ರಶ್ನೆ, ಮುಂದಿನ ತಪಾಸಣೆಯ ದಿನಾಂಕ ಬರೆದಿಟ್ಟುಕೊಳ್ಳಿ. ಗುಟ್ಟಿನ ವಿಷಯ ಮಾತ್ರ ಅದರಲ್ಲಿ ಬೇಡ. ತಪಾಸಣೆಯ ದಿನ ಸಂಜೆ ‘ಡಾಕ್ಟರ್ ಏನಂದರು?’ ಎಂದು ನೀವಾಗಿ ಫೋನ್ ಮಾಡಿ.